ಲ್ಯಾಬ್ ಸರ್ ಮತ್ತು ಹತ್ತು ಸೊನ್ನೆ

ಸೊಲ್ಲಾಪುರ ರಸ್ತೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಸರ್ ಕನ್ನಡಕ ಹಣೆಗೇರಿಸಿದರೆ ಮುಂದಿನ ಮಾತು ನಮಗೆ ಬಾಯಿಪಾಠ: “ತಪ್ಪು ನಿಂದೈತಿ, ತಮ್ಮಾ. ಕಂಪೈಲರ್ ತಪ್ಪ ಮಾಡಂಗಿಲ್ಲ.” ಕಂಪೈಲರ್ ಅಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ.

ಮೆಮರಿಯಲ್ಲಿ ಜಾಗ ಕೇಳಿ ಆಬ್ಜೆಕ್ಟ್ ಎಂಬ ಹತ್ತು ಮಾಹಿತಿ ಖಾನೆ ಕೂರಿಸುವುದೆಂದರೆ ಅವರಿಗೆ ಊಟದ ಪಂಕ್ತಿ. ಪ್ರತಿ ತಾಟಿಗೂ ಮೊದಲು ಉಪ್ಪು, ಪ್ರತಿ ಆಬ್ಜೆಕ್ಟಿಗೂ ಮೊದಲು ಸೊನ್ನೆ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನ್ನ ಪ್ರೋಗ್ರಾಂ ಮೊದಲನೆಯದಕ್ಕಷ್ಟೇ ಸೊನ್ನೆ ಬಡಿಸಿ, ಉಳಿದ ಒಂಬತ್ತಕ್ಕೆ ಕಸದಂಥ ಅಂಕಿ ಸುರಿಯಿತು. ಫೇಲಾದೆ ಅಂದುಕೊಂಡೆ. ಸರ್ ನಾಲ್ಕು ಸಲ ಬರೆಸಿದರು. ಐದನೆಯ ಸಲ ತಾವೇ ಬರೆದರು, ಅದೇ ಕಸ. ಬೇರೆ ಕಂಪೈಲರ್ ಹಾಕಿ ನೋಡಿದರು. ಹತ್ತಕ್ಕೂ ಸೊನ್ನೆ!

ಹಳೆಯ ಕಂಪೈಲರನ್ನು ಮತ್ತೆ ತೆರೆದು, ಕನ್ನಡಕ ಹಣೆಗೇರಿಸಿ, ಪರದೆಯತ್ತ ಬಾಗಿ ಅದಕ್ಕೇ ಅಂದರು: “ತಪ್ಪು ನಿಂದೈತಿ, ತಮ್ಮಾ.”

ಪಕ್ಕದಲ್ಲಿದ್ದ ನಾನು ರೂಢಿಯಂತೆ ತಲೆ ತಗ್ಗಿಸಿ, “ಹೌದ್ರಿ ಸರ್” ಅಂದೆ.