ತೊಳೆಯದೆ ಹೋದ ತಾಮ್ರದ ಸೈಕಲ್ಲು

ಯಜಮಾನ್ರ ಬಲಗೈಯ ಐದೂ ಉಗುರುಗಳ ಬುಡದಲ್ಲಿ ಹಸಿರು ಗೆರೆ ಇತ್ತು. ಕೊಳೆಯಲ್ಲ, ತಾಮ್ರ. ವರ್ಷಾನುಗಟ್ಟಲೆ ತಾಮ್ರದ ನೀರಿನ ತೊಟ್ಟಿಗೆ ಕೈ ಅದ್ದಿದವರ ಚರ್ಮಕ್ಕೆ ಇಳಿದ ಬಣ್ಣ ಅದು. ಸೋಪು, ಸೀಗೆಪುಡಿ, ನಿಂಬೆಹಣ್ಣು, ಯಾವುದಕ್ಕೂ ಹೋಗುತ್ತಿರಲಿಲ್ಲ. ನಮ್ಮ ಸೈಕಲ್ ಶೋರೂಮಿನ ಓನರ್ ಮೊದಲ ಸಲ ಹೆಗ್ಗನಹಳ್ಳಿಯ ಅವರ ಶೆಡ್ಡಿಗೆ ಬಂದಾಗ, ಚಾಚಿದ ಆ ಕೈಯನ್ನು ನೋಡಿ ತನ್ನ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡ. ಆಮೇಲೆ ಅದೇ ಕೈ ಮಾಡಿದ ಕೆಲಸದ ಫೋಟೊ ತೆಗೆದು, ನಮ್ಮ ಸ್ಟುಡಿಯೊದಲ್ಲೇ ತಯಾರಾದದ್ದು ಎಂದು ಫೋನಿನಲ್ಲಿ ಊರಿಗೆಲ್ಲ ತೋರಿಸಿಕೊಂಡ. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಕಟ್ಟಿದವರು, ಕೆಸರು ಯಾರ ಕೈಗೆ, ಮೊಸರು ಯಾರ ಬಾಯಿಗೆ ಅನ್ನುವುದನ್ನು ಹೇಳದೆ ಹೋದರು. ಇವತ್ತಿಗೂ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಎಲ್ಲರೂ ಅವರನ್ನು ಯಜಮಾನ್ರು ಅನ್ನುತ್ತಿದ್ದರು, ನಾನೂ ಅಷ್ಟೆ. ಹೆಗ್ಗನಹಳ್ಳಿ ಹಳ್ಳಿಯಾಗಿದ್ದಾಗಿನ ಮನೆತನ. ಹೊಲವೆಲ್ಲ ಸೈಟುಗಳಾಗಿ ಹೋದ ಮೇಲೆ ಉಳಿದದ್ದು ಒಂದು ಮನೆ, ಅದರ ಹಿಂದೆ ದನದ ಕೊಟ್ಟಿಗೆ. ಆ ಕೊಟ್ಟಿಗೆಯಲ್ಲೇ ಅವರು ಕಬ್ಬಿಣಕ್ಕೆ ತಾಮ್ರದ ಲೇಪ ಕೂರಿಸುವ ಪ್ಲೇಟಿಂಗ್ ಶೆಡ್ ಮಾಡಿಕೊಂಡಿದ್ದರು. ಗೋದಲಿ ಇದ್ದ ಕಡೆ ತೊಟ್ಟಿಗಳು. ಹಸುವಿನ ಹಗ್ಗ ಕಟ್ಟುತ್ತಿದ್ದ ತೊಲೆಯಿಂದ ತಂತಿಯಲ್ಲಿ ತೂಗಾಡುವ ಸೈಕಲ್ ಫ್ರೇಮುಗಳು. ಕೆಲಸ ಮಾಡುವಾಗ ಅವುಗಳ ಜೊತೆ ದನದ ಜೊತೆ ಮಾತಾಡುವ ಹಾಗೆಯೇ ಮಾತಾಡುತ್ತಿದ್ದರು. ಈ ಕಡೆ ತಿರುಗು, ಒದ್ದಾಡಬೇಡ, ಆಯ್ತು ಆಯ್ತು ಎಂದು. ನಾನು ರಾಜಾಜಿನಗರದ ಆ ಶೋರೂಮಿನಲ್ಲಿ ಸೇಲ್ಸಿನವನು. ಗಿರಾಕಿ ಕೇಳಿದ ಬಣ್ಣಕ್ಕೆ ಫ್ರೇಮು ಒಯ್ಯುವುದು, ತರುವುದು ನನ್ನ ಪಾಲಿನ ಕೆಲಸವಾಗಿತ್ತು.

ತಾಮ್ರ ಬೇಕು ಅಂದವರು ಒಬ್ಬರು ಹಲ್ಲಿನ ಡಾಕ್ಟರಮ್ಮ, ಬಸವೇಶ್ವರನಗರದವರು. ಭಾನುವಾರ ಬೆಳಿಗ್ಗೆ ಕೆಂಗೇರಿ ಉಪನಗರದವರೆಗೆ ತುಳಿದು ಬರುವಷ್ಟು ಸೈಕಲ್ಲಿನ ಹುಚ್ಚು ಅವರಿಗೆ. ಅಜ್ಜಿಯ ಬಚ್ಚಲಲ್ಲಿದ್ದ ನೀರಿನ ಹಂಡೆಯ ಬಣ್ಣ ಬರಬೇಕು, ಪೇಂಟ್ ಬೇಡ, ತಾಮ್ರವೇ ಬೇಕು ಅಂದರು. ಸ್ಪ್ರೇ ಹೊಡೆಸಿದರೆ ಒಂದೇ ದಿನದ ಕೆಲಸ ಅಂತ ನಾನು ಯಜಮಾನ್ರ ಹತ್ತಿರ ಬಾಯಿಬಿಟ್ಟೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಅದು ವೇಷ ಕಣೋ. ಮಳೆ ಬಂದ್ರೆ ಗೊತ್ತಾಗುತ್ತೆ" ಅಂದು, ಫ್ರೇಮನ್ನು ನನ್ನ ಕೈಯಿಂದ ಇಸಿದುಕೊಂಡು ಬೆಳಕಿಗೆ ಹಿಡಿದು ಒಂದೊಂದು ಕೀಲನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಆಗಲೇ ಅವರ ಕೆಲಸ ಶುರುವಾಗಿತ್ತು.

ಆ ಕೆಲಸವನ್ನು ನಾನು ನಿಂತು ನೋಡಿದ್ದೇನೆ. ಹಳೇ ಬಣ್ಣ ಕಿತ್ತು, ಕಬ್ಬಿಣ ಹೊಳೆಯುವ ತನಕ ಉಜ್ಜಿ, ಕೊಳವೆಗಳ ಬಾಯಿಗೆಲ್ಲ ರಬ್ಬರ್ ಬಿರಡೆ ಬಡಿದು, ಆಸಿಡ್ಡಿನಲ್ಲಿ ಅದ್ದಿ ತೆಗೆದು, ಆಮೇಲೆ ಒಂದು ತೊಟ್ಟಿಯಲ್ಲಿ ತೆಳ್ಳನೆಯ ತಾಮ್ರ, ಇನ್ನೊಂದರಲ್ಲಿ ದಪ್ಪನೆಯದು. ಮೊದಲ ತೊಟ್ಟಿ ತಪ್ಪಿಸಿ ನೇರ ಎರಡನೆಯದಕ್ಕೆ ಇಳಿಸುವವರೂ ಇದ್ದಾರಂತೆ. ಆ ತಾಮ್ರ ಸಿಪ್ಪೆಯ ಹಾಗೆ ಎದ್ದು ಬರುತ್ತದಂತೆ. ಅಂಥವರ ಬಗ್ಗೆ ಅವರು ಆಡುತ್ತಿದ್ದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಷ್ಟಾದರೂ ಫ್ರೇಮು ಮುಗಿದ ಲೆಕ್ಕವಲ್ಲ. ಎಷ್ಟೇ ಬಿರಡೆ ಬಡಿದರೂ ಬೆಸುಗೆಯ ಸಂದಿಯಲ್ಲಿ ಒಂದಿಷ್ಟು ಆಸಿಡ್ ಕೊಳವೆಯ ಒಳಗೆ ಹೋಗಿಯೇ ಹೋಗುತ್ತದೆ. ಅದು ಅಲ್ಲೇ ಉಳಿದರೆ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ತಾಮ್ರ ಹೊಳೆಯುತ್ತಲೇ ಇರುತ್ತದೆ. ಅದಕ್ಕೆ ಅವರು ಬಿರಡೆ ತೆಗೆದು ಒಳಗೆ ಬಟ್ಟೆ ಒಗೆಯುವ ಸೋಡದ ನೀರು ತುಂಬಿ, ಕುಲುಕಿ, ತಲೆಕೆಳಗು ಮಾಡಿ, ಇಳಿದ ನೀರನ್ನು ಅರಿಶಿನದ ಬಟ್ಟೆಯ ಮೇಲೆ ಹನಿಸುತ್ತಿದ್ದರು. ಬಟ್ಟೆ ಹಳದಿಯಾಗೇ ಉಳಿದರೆ ಒಳಗೆ ಇನ್ನೂ ಆಸಿಡ್ ಇದೆ. ಕೆಂಪಾದರೆ ಮುಗಿಯಿತು. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಆಗುವುದಿಲ್ಲವೇ, ಅದೇ. ಅವರ ಹೆಂಡತಿ ಇದನ್ನು ಅವರಿಗೆ ಹೇಳಿಕೊಟ್ಟದ್ದು. ಅದಕ್ಕೇ ಶೆಡ್ಡಿನಲ್ಲಿ ಅದನ್ನು ಆರತಿ ಎಂದೇ ಕರೆಯುತ್ತಿದ್ದರು. ಮೂರು ಸಲ ತೊಳೆದು, ಮೂರು ಸಲವೂ ಆರತಿ ಆಗಿ, ಬಿಸಿಲಲ್ಲಿ ಎರಡು ದಿನ ಒಣಗಿ, ಕೊಳವೆಯೊಳಗೆ ಎಣ್ಣೆ ಬಿಟ್ಟ ಮೇಲೆಯೇ ಫ್ರೇಮು ಹೊಸ್ತಿಲು ದಾಟಬೇಕು. "ಬಣ್ಣ ಹೊರಗಿಂದು, ರೋಗ ಒಳಗಿಂದು" ಅನ್ನುತ್ತಿದ್ದರು.

ಡಾಕ್ಟರಮ್ಮನ ಫ್ರೇಮಿಗೆ ತಾಮ್ರ ಕೂತದ್ದು ಆಯುಧಪೂಜೆಗೆ ಎರಡು ದಿನ ಮುಂಚೆ. ಓನರಿಗೆ ಪೂಜೆಯ ದಿನ ಅದು ಶೋರೂಮಿನ ಗಾಜಿನ ಹಿಂದೆ ಹೂವಿನ ಹಾರ ಹಾಕಿಸಿಕೊಂಡು ನಿಲ್ಲಬೇಕು. ಯಜಮಾನ್ರು ಇನ್ನೂ ಒಳಗೆ ತೊಳೆದಿಲ್ಲ, ಹಬ್ಬ ಕಳೆಯಲಿ ಅಂತಾರೆ ಎಂದು ನಾನು ಹೇಳಿದೆ. "ಒಳಗೆ ಯಾರು ನೋಡ್ತಾರೆ ಗುರು? ಹೇಗಾದ್ರೂ ಮಾಡಿ ಎತ್ಕೊಂಡ್ ಬಾ" ಅಂದ.

ನಾನು ಹೋದೆ. ಯಜಮಾನ್ರು ಬೂದುಗುಂಬಳ ತರಲು ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದರು. ಅವರ ಹೆಂಡತಿ ಶೆಡ್ಡಿನ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದರು. ಯಜಮಾನ್ರೇ ಫೋನ್ ಮಾಡಿದ್ರು ಅಮ್ಮ, ತಗೊಂಡು ಹೋಗು ಅಂದ್ರು ಎಂದು ಹಸಿ ಸುಳ್ಳು ಹೇಳಿದೆ. ಆ ತಾಯಿ ನಂಬಿದರು. ಬರಿಗೈಯಲ್ಲಿ ಹಿಡಿದರೆ ಬೆರಳಿನ ಗುರುತು ಬೀಳುತ್ತೆ ಎಂದು ತೊಳೆದ ಬನಿಯನ್ ಬಟ್ಟೆಯನ್ನೂ ಹುಡುಕಿ ಕೊಟ್ಟರು. ಒಳಗೆ ತೊಳೆಯದ ಫ್ರೇಮನ್ನು ನಾನು ಆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ.

ಅವತ್ತು ಸಂಜೆಯೇ ಯಜಮಾನ್ರ ಫೋನು ಬಂತು. ಬೈಯಲಿಲ್ಲ. ಪೂಜೆ ಮುಗಿಸ್ಕೊಂಡೇ ತಾ, ತೊಳೆದು ಕೊಡ್ತೀನಿ ಅಂದರು. ಹೂಂ ಅಂದೆ. ವಿಜಯದಶಮಿಯ ಬೆಳಿಗ್ಗೆ ಓನರ್ ಸೈಕಲ್ಲನ್ನು ಡಾಕ್ಟರಮ್ಮನಿಗೆ ಕೊಟ್ಟೇಬಿಟ್ಟ. ಎರಡು ದಿನ ಕಾದು ಯಜಮಾನ್ರು ತಾವೇ ಬಂದರು. ಹೆಗ್ಗನಹಳ್ಳಿಯಿಂದ ಬಸ್ಸು ಹಿಡಿದು, ಕೈಚೀಲದಲ್ಲಿ ಸೋಡದ ಪೊಟ್ಟಣ, ಅರಿಶಿನದ ಬಟ್ಟೆ, ಎಣ್ಣೆಯ ಶೀಶೆ ಇಟ್ಟುಕೊಂಡು. ಆಯಮ್ಮನ ಮನೆ ಹೇಳಿ, ಅಲ್ಲೇ ಹೋಗಿ ಬಿಚ್ಚಿ ತೊಳೆದು ಬರ್ತೀನಿ ಅಂದರಂತೆ. ಅಂದರಂತೆ ಯಾಕೆಂದರೆ, ಓನರ್ ಅವರನ್ನು ಒಳಗೇ ಬಿಡಲಿಲ್ಲ. ಸೆಕ್ಯೂರಿಟಿಯವನ ಕೈಲಿ, ಗಿರಾಕಿಗಳ ಅಡ್ರೆಸ್ ಕೊಡೋ ಹಾಗಿಲ್ಲ ಅಂತ ಹೇಳಿಸಿದ. ಅವರು ಗಾಜಿನ ಬಾಗಿಲ ಆಚೆ ಚೀಲ ಹಿಡಿದು ಅರ್ಧ ಗಂಟೆ ನಿಂತಿದ್ದರು. ನಾನು ಒಳಗೆ ಯಾರಿಗೋ ಹೆಲ್ಮೆಟ್ ತೋರಿಸುತ್ತಾ ಬೆನ್ನು ತಿರುಗಿಸಿಕೊಂಡಿದ್ದೆ. ನನಗೆ ಆ ಅಡ್ರೆಸ್ ಬಾಯಿಪಾಠ ಇತ್ತು.

ಅಡ್ರೆಸ್ಸು ಕಣ್ರೀ! ಒಂದು ರಸ್ತೆ, ಒಂದು ಕ್ರಾಸು, ಒಂದು ಮನೆ ನಂಬರು. ಅಷ್ಟು ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಒಂದೂವರೆ ವರ್ಷ ಆ ಸೈಕಲ್ಲು ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಭಾನುವಾರ, ಕೆಂಗೇರಿಯಿಂದ ವಾಪಸು ಬರುವಾಗ ಮೈಸೂರು ರಸ್ತೆಯ ಇಳಿಜಾರಿನಲ್ಲಿ, ಪೆಡಲಿನ ಹತ್ತಿರದ ಕೊಳವೆ ಮುರಿಯಿತು. ಡಾಕ್ಟರಮ್ಮ ಬಿದ್ದರು. ಬಲಗೈ ಮಣಿಕಟ್ಟು ಮುರಿದಿತ್ತು. ಹಲ್ಲು ಕೀಳುವವರ ಬಲಗೈ! ಮುರಿದ ಫ್ರೇಮು ಶೋರೂಮಿಗೆ ಬಂದಾಗ ನಾನೇ ಕೊಳವೆಯನ್ನು ಬಗ್ಗಿಸಿ ನೋಡಿದೆ. ಒಳಗಿನಿಂದ ತುಕ್ಕು ಹಿಡಿಹಿಡಿಯಾಗಿ ಉದುರಿತು. ಮುರಿದ ಕಡೆ ಬಿಟ್ಟರೆ ಹೊರಗೆ ತಾಮ್ರ ಎಲ್ಲೂ ಎದ್ದಿರಲಿಲ್ಲ.

ಓನರ್ ಒಂದು ಕ್ಷಣವೂ ತಡಮಾಡಲಿಲ್ಲ. ಪ್ಲೇಟಿಂಗ್‌ನವನ ಆಸಿಡ್ ತಿಂದುಬಿಟ್ಟಿದೆ ಮೇಡಂ, ಓದುಬರಹ ಇಲ್ಲದ ಜನ, ನಂಬಿ ಕೆಟ್ವಿ ಅಂದ. ಅಷ್ಟೂ ದಿನ ತನ್ನ ಸ್ಟುಡಿಯೊದ ಕೆಲಸವಾಗಿದ್ದದ್ದು ಅವತ್ತು ಇದ್ದಕ್ಕಿದ್ದ ಹಾಗೆ ಪ್ಲೇಟಿಂಗ್‌ನವನದಾಯಿತು. ಸೈಕಲ್ ಅಂಗಡಿಯವರ ಗ್ರೂಪಿನಲ್ಲಿ ಯಜಮಾನ್ರ ಶೆಡ್ಡಿನ ಫೋಟೊ ಹಾಕಿ, ಇವರಿಗೆ ಯಾರೂ ಕೆಲಸ ಕೊಡಬೇಡಿ ಎಂದು ಬರೆದ. ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಒರೆಸುವಾಗ ಪಕ್ಕದಲ್ಲಿ ನಿಂತು ನೋಡಿದ ಎರಡನೇ ಕೋತಿ ನಾನು.

ಡಾಕ್ಟರಮ್ಮನಿಗೆ ಕೋಪ ತಡೆಯಲಾಗಲಿಲ್ಲ. ಆ ಮನುಷ್ಯನ ಮುಖ ನೋಡಬೇಕು ಅಂದರು. ದಾರಿ ತೋರಿಸಲು ಓನರ್ ನನ್ನನ್ನೇ ಕಳಿಸಿದ. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಅವರು ಆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಆಡಿದ ಮಾತುಗಳನ್ನು ನಾನು ಒಂದೂ ಮರೆತಿಲ್ಲ. ಆಸಿಡ್ ಇಟ್ಟುಕೊಂಡು ಜನರ ಪ್ರಾಣದ ಜೊತೆ ಆಟ ಆಡ್ತೀರಾ ಅಂದರು. ನಿಮ್ಮ ಮಕ್ಕಳು ಓಡಿಸೋ ಸೈಕಲ್ ಆಗಿದ್ರೆ ಹೀಗೆ ಮಾಡ್ತಿದ್ರಾ ಅಂದರು. ಯಜಮಾನ್ರಿಗೆ ಮಕ್ಕಳಿರಲಿಲ್ಲ. ಹೆಂಡತಿ ಅಲ್ಲೇ ಕಂಬ ಹಿಡಿದು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು.

ಯಜಮಾನ್ರು ಮುರಿದ ಕೊಳವೆಯನ್ನು ಕೈಗೆ ತಗೊಂಡು, ಒಳಗೆ ಬೆರಳಾಡಿಸಿ, ತುಕ್ಕನ್ನು ಅಂಗೈಗೆ ಉದುರಿಸಿಕೊಂಡರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು. ಒಂದು ಮಾತು, ಒಂದೇ ಮಾತು ಸಾಕಿತ್ತು. ಇವನು ಕದ್ದುಕೊಂಡು ಹೋದ ಎಂದಿದ್ದರೆ ಮುಗಿಯುತ್ತಿತ್ತು. ಅವರು ಸುಮಾರು ಹೊತ್ತು ನೋಡಿ, ಡಾಕ್ಟರಮ್ಮನ ಕಡೆ ತಿರುಗಿದರು.

"ಒಳಗೆ ತೊಳೀದೆ ಹೋಗಿದೆ ತಾಯಿ. ನನ್ನ ಶೆಡ್ಡಿಂದ ಹೋಗಿರೋದು. ತಪ್ಪು ನಂದು."

ಡಾಕ್ಟರಮ್ಮ ಕಾರಿಗೆ ಹೋಗಿ ಕೂತರು. ನಾನು ಹಿಂದೆ ಉಳಿದು, ಯಾಕೆ ಒಪ್ಪಿಕೊಂಡ್ರಿ ಯಜಮಾನ್ರೇ, ನಿಮಗೇನು ತಲೆ ಕೆಟ್ಟಿದೆಯಾ ಎಂದು ಅವರ ಮೇಲೆಯೇ ರೇಗಿದೆ. ನೋಡಿ ನನ್ನ ದೌಲತ್ತು! ಅವರು ಆ ತುಕ್ಕನ್ನು ಕೊಡವಿ, ಕೈ ತೊಳೆದುಕೊಳ್ಳುತ್ತಾ ಅಂದರು:

"ನಿನ್ನ ಹೆಸ್ರು ಹೇಳಿದ್ರೆ ಅವ್ರ ಕೈ ಕೂಡ್ಕೊಳ್ತಿತ್ತಾ? ನೀನಾಗಿ ಹೇಳ್ತೀಯೇನೋ ಅಂತ ಸ್ವಲ್ಪ ಹೊತ್ತು ಕಾದೆ ಕಣೋ."

ನಾನು ಹೇಳಲಿಲ್ಲ. ಮಗಳ ಸ್ಕೂಲು, ಮನೆ ಬಾಡಿಗೆ, ಕೆಲಸ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಅಂಥ ಕಾರಣಗಳಿಗೆ ಈ ಊರಲ್ಲಿ ಎಂದೂ ಬರವಿಲ್ಲ. ಅವರ ಶೆಡ್ಡಿಗೆ ಬರುತ್ತಿದ್ದ ಕೆಲಸ ಒಂದೊಂದೇ ನಿಂತಿತು. ದೇವಸ್ಥಾನದ ಗಂಟೆ, ಹಳೇ ಬೋಗುಣಿ, ಯಾರದೋ ಮನೆಯ ಬಾಗಿಲ ಹಿಡಿ ಮಾತ್ರ ಬರುತ್ತಿದ್ದವು. ಬಾಗಿಲ ಹಿಡಿಗೂ ಅವರು ಎರಡೂ ತೊಟ್ಟಿಯ ಕೆಲಸ ತಪ್ಪಿಸುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಕೂರು ಅಂತಲೇ ಅನ್ನುತ್ತಿದ್ದರು, ಕಾಫಿ ಕೊಡಿಸುತ್ತಿದ್ದರು. ಆ ವಿಷಯ ಮತ್ತೆ ಎತ್ತಲಿಲ್ಲ. ಎತ್ತಿ ನಾಲ್ಕು ಬಾರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಹೀಗೆ ಮಾತಾಡುವುದೂ ನನ್ನ ಕೊಬ್ಬೇ, ಗೊತ್ತಿದೆ.

ಕಳೆದ ವರ್ಷ ಶಿವರಾತ್ರಿ ಆಗಿ ನಾಲ್ಕೈದು ದಿನಕ್ಕೆ ಅವರು ತೀರಿಕೊಂಡರು. ಎದೆಯಲ್ಲಿ ಕಫ ಕಟ್ಟಿತ್ತು, ಮಲಗಿದವರು ಏಳಲಿಲ್ಲ. ಮಣ್ಣು ಮಾಡುವಾಗ ಸೈಕಲ್ ಅಂಗಡಿಯವರು ಒಬ್ಬರೂ ಬಂದಿರಲಿಲ್ಲ. ಪಕ್ಕದ ಟೀ ಅಂಗಡಿಯಲ್ಲಿ ನಿಂತಿದ್ದ ಯಾರೋ, ಆಸಿಡ್ ಕೇಸಿನ ಮುದುಕ ಅಲ್ವಾ ಅಂದ. ಮಾಡಿದ್ದುಣ್ಣೋ ಮಹಾರಾಯ ಅಂತ ಇನ್ನೊಬ್ಬ ನಕ್ಕ. ನಾನು ಅವನ ಕೊರಳಪಟ್ಟಿ ಹಿಡಿದೆ. ಜನ ಬಿಡಿಸಿದರು. ಮಾಡಿದವನು ನಾನು, ಉಂಡವರು ಅವರು ಎಂದು ಅಲ್ಲಿ ಕೂಗಬೇಕಿತ್ತು.

ಹನ್ನೊಂದು ದಿನ ಕಳೆದ ಮೇಲೆ ಕೆಲಸ ಬಿಟ್ಟೆ. ಅವತ್ತೇ ಬಸವೇಶ್ವರನಗರಕ್ಕೆ ಹೋಗಿ, ಕ್ಲಿನಿಕ್ಕಿನಲ್ಲಿ ಹಲ್ಲುನೋವಿನವರ ಸಾಲಿನಲ್ಲಿ ಕೂತು, ನನ್ನ ಸರದಿ ಬಂದಾಗ ಡಾಕ್ಟರಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಓನರನ ಮಾತು, ಯಜಮಾನ್ರ ಹೆಂಡತಿಗೆ ಹೇಳಿದ ಸುಳ್ಳು, ಚೀಲ ಹಿಡಿದು ಬಂದವರನ್ನು ಗಾಜಿನ ಆಚೆ ನಿಲ್ಲಿಸಿದ್ದು, ಒಂದೂ ಬಿಡದೆ. ಅವರು ಬಲಗೈಯ ಗವಸನ್ನು ಕಳಚಿದರು. ಆ ಮಣಿಕಟ್ಟು ಇವತ್ತಿಗೂ ಪೂರ್ತಿ ಬಗ್ಗುವುದಿಲ್ಲ, ಕಣ್ಣಾರೆ ಕಂಡೆ. ಅವರನ್ನ ನೋಡ್ಬೇಕು, ಈಗಲೇ ಹೋಗೋಣ ನಡೀರಿ ಎಂದು ಎದ್ದರು. ತೀರಿಹೋದರು ಎಂದೆ.

ಅವರು ಕಳಚಿದ ಗವಸನ್ನು ಮೇಜಿನ ಮೇಲೆ ಎಸೆದರು.

"ಈಗ ಬಂದು ಹೇಳ್ತಿದೀರಾ? ಅವರ ಮನೆ ಬಾಗಿಲಲ್ಲಿ ನಿಂತ್ಕೊಂಡು ಅವರ ಮುಖಕ್ಕೆ ನಾನು ಏನೇನ್ ಅಂದೆ ಅಂತ ಗೊತ್ತೇನ್ರೀ ನಿಮಗೆ?"

"ಗೊತ್ತು ಮೇಡಂ," ಅಂದೆ. "ನಾನು ಅಲ್ಲೇ ನಿಂತಿದ್ದೆ."