ಹತ್ತು ದಿನ ಬದುಕಬೇಕಾಗಿದ್ದ ನಾಯಿ

ತೊಂಬತ್ತರ ದಶಕದಲ್ಲಿ ನಾನು ಸಿಂಧಘಟ್ಟದಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದೆ. ಅಲ್ಲಿ ನಾಯಿಗೆ ಮುದ್ದೆ ಹಾಕುವವರು ಬೇಕಾದಷ್ಟು ಜನ ಇದ್ದರು, ಅದು ಯಾರನ್ನಾದರೂ ಕಚ್ಚಿದರೆ ಮಾತ್ರ ಯಜಮಾನರು ಸಿಗುತ್ತಿರಲಿಲ್ಲ. ನಿಂಗಮ್ಮಜ್ಜಿಯ ಜಗಲಿ ಮೇಲೆ ಮಲಗುತ್ತಿದ್ದ ಕರಿಯ ನನ್ನ ಮೀನಖಂಡಕ್ಕೆ ಬಾಯಿ ಹಾಕಿದಾಗಲೂ ಅದೇ ಆಯಿತು.

"ನಮ್ದಲ್ಲ ಕಣಪ್ಪ, ಬೀದಿ ನಾಯಿ" ಅಂದುಬಿಟ್ಟಳು ಅಜ್ಜಿ.

ಸಿಟ್ಟಿನಲ್ಲಿ ಪಂಚಾಯ್ತಿಗೆ ದೂರು ಬರೆಯಲು ಕೂತೆ. ನಾಯಿ ಯಾರದು ಎನ್ನುವ ಕಡೆ ಪೆನ್ನು ನಿಂತಿತು.

ಡಾಕ್ಟರು ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ ಅಂದರು. ನಾಯಿ ಹತ್ತು ದಿನ ಚೆನ್ನಾಗಿದ್ದರೆ ಉಳಿದದ್ದು ಬೇಡವಂತೆ, ಆದರೆ ಅದರ ಮೇಲೆ ಯಾರಾದರೂ ಕಣ್ಣಿಟ್ಟಿರಬೇಕಂತೆ. ಮೊದಲ ಸೂಜಿ ಚುಚ್ಚಿಸಿಕೊಂಡು, ಹೊಟ್ಟೆ ಹಿಡಿದುಕೊಂಡೇ ಹೋಗಿ ಅಜ್ಜಿಗೆ ಇದನ್ನೂ, ಅರ್ಧಕ್ಕೆ ನಿಂತ ಅರ್ಜಿಯ ವಿಷಯವನ್ನೂ ಹೇಳಿ ಬಂದೆ.

ಮರುದಿನ ನೋಡಿದರೆ, ಹಳೇ ಸೀರೆಯ ಅಂಚಿನಲ್ಲಿ ಕರಿಯನನ್ನು ಕಟ್ಟಿಕೊಂಡು ಪೋಸ್ಟಾಫೀಸಿನ ಬಾಗಿಲಲ್ಲಿ ನಿಂತಿದ್ದಾಳೆ.

"ನೋಡ್ಕಳಪ್ಪ, ಮುದ್ದೆ ತಿಂದವ್ನೆ, ನೀರೂ ಕುಡ್ದವ್ನೆ."

"ಬೀದಿ ನಾಯಿ ಅಂದ್ಯಲ್ಲಜ್ಜಿ?"

"ಸುಮ್ಕಿರಪ್ಪ. ನಿನ್ ಹೊಟ್ಟೆ ನೆನುಸ್ಕಂಡು ರಾತ್ರಿ ಅನ್ನ ಸೇರ್ನಿಲ್ಲ."

ಒಂದು ದಿನವೂ ತಪ್ಪಿಸಲಿಲ್ಲ. ಹತ್ತು ದಿನ ಕಳೆದು ಡಾಕ್ಟರು ಸೂಜಿ ನಿಲ್ಲಿಸಿದಾಗ ಅವಳೇ ಹೇಳಿದಳು: "ಆ ಅರ್ಜೀಲಿ ನನ್ನೆಸ್ರು ಬರ್ಕೊ. ಸಾಕ್ದೋಳು ನಾನೇ. ಇನ್ಮೇಕೆ ಕಟ್ಟಾಕ್ತೀನಿ."

ಬರೆದುಕೊಂಡೆ. ಹೆಬ್ಬೆಟ್ಟನ್ನೂ ಒತ್ತಿದಳು.

ಆಮೇಲೆ ಕರಿಯ ಕಂಬಕ್ಕೆ ಕಟ್ಟಿಸಿಕೊಂಡೇ ನನ್ನನ್ನು ಕಂಡಾಗಲೆಲ್ಲ ಬೊಗಳುತ್ತಿದ್ದ. ಅವನ ಆಯುಸ್ಸು ಗಟ್ಟಿಯಾಗಿರಲಿ ಅಂತ ಹತ್ತು ದಿನ ದೇವರಿಗೆ ಕೈಮುಗಿದವನು ನಾನೇ ಅಂತ ಅವನಿಗೆ ಯಾರು ಹೇಳಬೇಕು?