ನಾಲ್ಕೇ ಸುತ್ತಿಗೆ ನಿಂತ ನಟ್ಟು

೧೯೮೩ರ ಬೇಸಿಗೆ. ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದ ಪರೀಕ್ಷೆ ಮುಗಿಸಿ ನಾನು ನಂಜನಗೂಡಿನ ನಮ್ಮ ಮನೆಗೆ ಬಂದಿದ್ದೆ. ನಮ್ಮ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರ ತಮ್ಮ, ಅಂದರೆ ನನ್ನ ಶ್ರೀಕಂಠು ಚಿಕ್ಕಪ್ಪ, ಟಿ. ನರಸೀಪುರದ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು. ವಾರವೆಲ್ಲ ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದು ಶನಿವಾರ ನಮ್ಮ ಮನೆಗೆ ಬರುತ್ತಿದ್ದರು. ಮದುವೆಯಾಗಿರಲಿಲ್ಲ. ಕಚ್ಚೆಪಂಚೆ, ಹಣೆಯಲ್ಲಿ ವಿಭೂತಿ, ಮೆಲುದನಿ. ಅಂಥವರಿಗೆ ಕಾರಿನ ಹುಚ್ಚು ಎಂದರೆ ಯಾರೂ ನಂಬುತ್ತಿರಲಿಲ್ಲ.

ಅವರ ಹತ್ತಿರ ಎರಡು ಬಾಗಿಲಿನ ಒಂದು ಹಳೆಯ ಹೆರಾಲ್ಡ್ ಕಾರು ಇತ್ತು. ಹಿಂದೆ ಅದನ್ನು ಇಟ್ಟುಕೊಂಡಿದ್ದ ಕಾಫಿ ತೋಟದ ಯಜಮಾನರೊಬ್ಬರು ಜೋಡಿ ಕಾರ್ಬುರೇಟರ್ ಹಾಕಿಸಿ, ಎಂಜಿನ್ನಿಗೆ ಏನೇನೋ ಕೆಲಸ ಮಾಡಿಸಿ, ಪಂದ್ಯಗಳಿಗೆ ಒಯ್ಯುತ್ತಿದ್ದರಂತೆ. ನೋಡಲು ಪುಟ್ಟ ಕಾರು. ಆದರೆ ಚಿಕ್ಕಪ್ಪ ಕೂತು ಕಾಲಿಟ್ಟರೆ ಮೈಸೂರು ರಸ್ತೆಯಲ್ಲಿ ತಾಂಡವಪುರ ಯಾವಾಗ ಬಂತು, ಯಾವಾಗ ಹೋಯಿತು ಎಂದು ತಿಳಿಯುತ್ತಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಮೈಸೂರಿನಿಂದ ಹೊರಡುವ ಒಂದು ದಿನದ ಕಾರ್ ರ‍್ಯಾಲಿಗೆ ಹೆಸರು ಕೊಡಬೇಕೆಂದು ಚಿಕ್ಕಪ್ಪ ನಿರ್ಧರಿಸಿದ್ದರು. ಪಕ್ಕದಲ್ಲಿ ಕೂತು ದಾರಿ ಹೇಳುವ, ವೇಗ ಮತ್ತು ಸಮಯದ ಲೆಕ್ಕ ಹಾಕುವ ಜೊತೆಗಾರರೊಬ್ಬರು ಬೇಕಿತ್ತು. ನನ್ನನ್ನು ತೋರಿಸಿ, "ಪದ್ದು ಬರ್ತಾಳೆ, ಅವಳ ಲೆಕ್ಕ ಚೆನ್ನಾಗಿದೆ" ಎಂದರು. ನಮ್ಮ ತಂದೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. "ನೋಡೋಣ" ಎಂದು ಪೇಪರು ತೆರೆದರು. ಆ ಒಂದು ಮಾತಿನ ಮೇಲೆ ನಾನು ತಿಂಗಳೆಲ್ಲ ಕುಣಿದಾಡಿದೆ.

ರ‍್ಯಾಲಿಗೆ ಮೊದಲು ಆಗಬೇಕಾದದ್ದು ಟಯರು. ಹಳೆಯವು ಸವೆದು ನುಣ್ಣಗಾಗಿದ್ದವು. ಒಂದು ಶನಿವಾರ ಇಬ್ಬರೂ ಬೆಂಗಳೂರಿಗೆ ಹೋದೆವು. ಹಳೆಯ ಕಾರುಗಳ ಸಾಮಾನು ಮಾರುವ ಗಲ್ಲಿಯೊಂದರಲ್ಲಿ, ಒಂದು ಅಂಗಡಿಯ ಮುಂದೆ ಆ ಗಾಲಿಗಳು ನನ್ನ ಕಣ್ಣಿಗೆ ಬಿದ್ದವು. ಕಬ್ಬಿಣದವಲ್ಲ, ಅಲ್ಯೂಮಿನಿಯಂ ಎರಕದವು. ಎಂಟು ಎಸಳಿನ ಹೂವಿನ ಹಾಗೆ ಹೊಳೆಯುತ್ತಿದ್ದವು. ಆಗಲೇ ಅಗಲವಾದ ಪರದೇಶದ ಟಯರುಗಳನ್ನೂ ಹಾಕಿಟ್ಟಿದ್ದರು. ಮಾಸಪತ್ರಿಕೆಗಳ ಚಿತ್ರದಲ್ಲಿ ಬಿಟ್ಟರೆ ಅಂಥದ್ದನ್ನು ನಾನು ನೋಡಿರಲಿಲ್ಲ.

ಚಿಕ್ಕಪ್ಪ ಮಾತ್ರ ಪಕ್ಕದ ಅಂಗಡಿಯಲ್ಲಿದ್ದ, ಆಳವಾದ ಹಲ್ಲಿನ, ಕಿರಿದಾದ ಸಾಧಾರಣ ಟಯರುಗಳ ಕಡೆ ನೋಡುತ್ತಿದ್ದರು. "ಪದ್ದು, ರ‍್ಯಾಲಿ ಇರೋದು ಮಳೇಲಿ, ಮಣ್ಣು ರಸ್ತೇಲಿ. ನಮ್ಮ ಹಳೇ ರಿಮ್ಮಿಗೆ ಇದೇ ಸಾಕಲ್ವೇನೇ?" ಎಂದರು.

"ಚಿಕ್ಕಪ್ಪ, ಅದು ನೋಡಿ, ನಮ್ಮ ಕಾರಿಗೆ ಹಾಕಿದ್ರೆ ಹೇಗಿರತ್ತೆ! ರೋಡು ಗಟ್ಟಿಯಾಗಿ ಹಿಡಿಯತ್ತೆ ಅಂತಿದ್ದಾರೆ" ಎಂದು ನಾನು ಅವರ ಉತ್ತರೀಯ ಹಿಡಿದು ಎಳೆದೆ. ಅಂಗಡಿಯವನು ಅಳತೆಪಟ್ಟಿ ಇಟ್ಟು ನಾಲ್ಕು ತೂತುಗಳ ದೂರ ತೋರಿಸಿ, "ನಿಮ್ಮ ಗಾಡಿಗೆ ಕಣ್ಣು ಮುಚ್ಕೊಂಡು ಕೂರತ್ತೆ ಸಾರ್" ಎಂದ. ಚಿಕ್ಕಪ್ಪ ನನ್ನ ಮುಖ ನೋಡಿದರು. ಅವರಿಗೆ ನನ್ನ ಮಾತು ತೆಗೆದುಹಾಕಿ ಅಭ್ಯಾಸವೇ ಇರಲಿಲ್ಲ. ಗಾಲಿಗಳು ನಮ್ಮ ಜೊತೆ ಬಂದವು.

ಮರುದಿನ ಭಾನುವಾರ ಬೆಳಿಗ್ಗೆ ಅಂಗಳದಲ್ಲೇ ಕೆಲಸ ಶುರು ಮಾಡಿದೆವು. ಚಿಕ್ಕಪ್ಪ ಜಾಕು ಹಾಕಿ ಎತ್ತುವುದು, ನಾನು ಗಾಲಿ ಕೂರಿಸಿ ನಟ್ಟುಗಳನ್ನು ಬೆರಳಿನಲ್ಲೇ ತಿರುಗಿಸುವುದು, ಕಡೆಗೆ ಅವರು ಸ್ಪ್ಯಾನರಿನಿಂದ ಬಿಗಿ ಮಾಡುವುದು. ಹಳೆಯ ಗಾಲಿಗೆ ನಟ್ಟು ಹತ್ತು ಹನ್ನೊಂದು ಸುತ್ತು ಒಳಗೆ ಹೋಗುತ್ತಿತ್ತು. ಎಷ್ಟೋ ಸಲ ನಾನೇ ಹಾಕಿದ್ದೆ, ಬೆರಳಿಗೆ ಗೊತ್ತಿತ್ತು. ಹೊಸದಕ್ಕೆ ನಾಲ್ಕೇ ಸುತ್ತು. ಅಷ್ಟಕ್ಕೇ ನಿಂತುಬಿಟ್ಟಿತು. ಒಂದಲ್ಲ, ನಾಲ್ಕು ಗಾಲಿಯಲ್ಲೂ ಹಾಗೇ.

ಇದೇನೋ ಸರಿಯಿಲ್ಲ ಅನ್ನಿಸಿತು. ಆದರೆ ಬಾಯಿ ಬಿಟ್ಟರೆ ಚಿಕ್ಕಪ್ಪ ತಕ್ಷಣ ಗಾಲಿಗಳನ್ನು ಬಿಚ್ಚಿಸಿ ವಾಪಸು ಕಳಿಸುತ್ತಾರೆ ಎಂದು ಗೊತ್ತಿತ್ತು. "ಸರಿಯಾಗಿ ಕೂತ್ಕೊಂಡ್ತೇನೇ?" ಎಂದು ಅವರು ಕೇಳಿದರು. "ಹೂಂ ಚಿಕ್ಕಪ್ಪ" ಎಂದೆ. ಅವರು ಸ್ಪ್ಯಾನರು ಇಟ್ಟು ಬಿಗಿ ಮಾಡಿದರು. ಬಿಗಿಯೇನೋ ಆಯಿತು.

ಹಳೆಯ ಗಾಲಿಯೊಂದನ್ನು ಸ್ಟೆಪ್ನಿಯಾಗಿ ಹಾಕಿಕೊಂಡು, ಉಳಿದವನ್ನು ಅಂಗಳದಲ್ಲೇ ಬಿಟ್ಟು ಪರೀಕ್ಷೆಗೆಂದು ಹೊರಟೆವು. ಹೆಡತಲೆ ಕಡೆಗೆ ಹೋಗಿ, ಒಳರಸ್ತೆಗಳಲ್ಲೇ ನರಸೀಪುರ ಸೇರುವುದೆಂದು ಮಾತಾಗಿತ್ತು. ಊರು ದಾಟಿದ ಮೇಲೆ ಚಿಕ್ಕಪ್ಪ ವೇಗ ಏರಿಸಿದರು. ಕಾರು ನೆಲಕ್ಕೆ ಅಂಟಿಕೊಂಡ ಹಾಗೆ ಓಡುತ್ತಿತ್ತು. ತಿರುವುಗಳಲ್ಲಿ ಮೊದಲಿನಂತೆ ಹಿಂಭಾಗ ಜಾರುತ್ತಿರಲಿಲ್ಲ. "ನೀನು ಹೇಳಿದ್ದೇ ಸರಿ ಕಣೇ!" ಎಂದು ಅವರು ಮಗುವಿನ ಹಾಗೆ ನಕ್ಕರು. ನಾನೂ ನಕ್ಕೆ. ನಟ್ಟಿನ ವಿಷಯ ಮರೆತೇಹೋಯಿತು.

ಹೆಡತಲೆ ಇನ್ನೂ ಎರಡು ಮೈಲಿ ಇರುವಾಗ ರಸ್ತೆ ಪಕ್ಕದಲ್ಲಿ ಒಂದು ಮನೆ. ಅದರ ಮುಂದೆ ವಯಸ್ಸಾದ ಆಚಾರಿಯೊಬ್ಬರು ಬೆರಣಿಯ ಬೆಂಕಿಯಲ್ಲಿ ಎತ್ತಿನ ಗಾಡಿ ಚಕ್ರದ ಕಬ್ಬಿಣದ ಪಟ್ಟಿ ಕಾಯಿಸುತ್ತಿದ್ದರು. ನಾವು ರೊಯ್ಯನೆ ದಾಟಿ ಹೋದೆವು. ಅವರು ಎದ್ದು, ಹೆಗಲ ಟವೆಲ್ಲು ಬೀಸುತ್ತ ನಮ್ಮ ಹಿಂದೆಯೇ ಓಡಿ ಬರುವುದು ಕಾಣಿಸಿತು.

"ಪಾಪ, ಡ್ರಾಪು ಬೇಕೇನೋ. ಬರುವಾಗ ಕೂರಿಸ್ಕೊಳ್ಳೋಣ" ಎಂದು ಚಿಕ್ಕಪ್ಪ ಮುಂದೆ ನೋಡಿದರು.

ನಾನು ಹೊರಳಿ ಹಿಂದಿನ ಗಾಜಿನಲ್ಲಿ ನೋಡಿದೆ. ಅವರು ಕೈ ಅಡ್ಡ ಹಿಡಿಯುತ್ತಿರಲಿಲ್ಲ. ಓಡುತ್ತಲೇ ಒಂದು ಕೈಯನ್ನು ಗಾಳಿಯಲ್ಲಿ ಗುಂಡಗೆ ತಿರುಗಿಸುತ್ತಿದ್ದರು, ಗಾಲಿ ತಿರುಗುವ ಹಾಗೆ. ಅದೇ ಹೊತ್ತಿಗೆ ನನ್ನ ಹಿಂದುಗಡೆ ಎಡಕ್ಕೆ ಟಕ್ ಟಕ್ ಎಂಬ ಸದ್ದು ಕೇಳಿಸಿತು.

"ಚಿಕ್ಕಪ್ಪ, ನಿಲ್ಸಿ! ನಟ್ಟು ಪೂರ್ತಿ ಕೂತಿರ್ಲಿಲ್ಲ! ನಂಗೆ ಗೊತ್ತಿತ್ತು!" ಎಂದು ಕಿರುಚಿದೆ.

ಅವರು ಆಕ್ಸಿಲರೇಟರಿನಿಂದ ಕಾಲು ತೆಗೆದರು. ಬ್ರೇಕು ಒತ್ತಲಿಲ್ಲ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, ಗೇರು ಇಳಿಸುತ್ತ, ಹಾಗೇ ನಿಧಾನವಾಗಿ ಹೋಗಗೊಟ್ಟು ರಸ್ತೆ ಬದಿಯಲ್ಲಿ ನಿಲ್ಲಿಸಿದರು. ಇಳಿದು ನೋಡಿದರೆ ಹಿಂದಿನ ಎಡಗಾಲಿಯ ಎರಡು ನಟ್ಟುಗಳಿರಲೇ ಇಲ್ಲ. ಮೂರನೆಯದು ಬೋಲ್ಟಿನ ತುದಿಯಲ್ಲಿ ಜೋತಾಡುತ್ತಿತ್ತು. ನಾಲ್ಕನೆಯದನ್ನು ಬೆರಳಿನಲ್ಲೇ ತಿರುಗಿಸಿ ತೆಗೆಯಬಹುದಿತ್ತು. ಮುಂದೆ ಐವತ್ತು ಅರುವತ್ತು ಮಾರು ದೂರದಲ್ಲಿ ರಸ್ತೆ ತಿರುಗುತ್ತಿತ್ತು. ಆ ತಿರುವಿನಲ್ಲೇ ಒಂದು ಕೈಪಂಪು. ಹತ್ತು ಹನ್ನೆರಡು ಹೆಂಗಸರು ಕೊಡ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ತಿರುವಿನಲ್ಲಿ ಗಾಲಿ ಕಳಚಿದ್ದರೆ ಕಾರು ನೇರ ಅವರ ಮೇಲೇ ಹೋಗುತ್ತಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ.

ಆಚಾರಿ ಏದುಸಿರು ಬಿಡುತ್ತ ಬಂದರು. ಟವೆಲ್ಲಿನ ಮಡಿಕೆ ಬಿಚ್ಚಿ ತೋರಿಸಿದರು. ಅದರಲ್ಲಿ ನಮ್ಮ ಒಂದು ನಟ್ಟಿತ್ತು.

"ಇದು ನಿಮ್ದೇಯ ನೋಡಿ ಸಾ. ನನ್ ಬೆಂಕಿ ತಾವ ಬಂದು ಬಿತ್ತು. ಗಂಟ್ಲು ಅರಕಂಡ್ರೂ ಓಯ್ತಾನೇ ಇದ್ರಲ್ಲ ಸಾ!"

ಅವರ ಹೆಸರು ನಂಜುಂಡಾಚಾರಿ. ಕೂತು ಉಸಿರು ತಗೊಂಡ ಮೇಲೆ, ಒಂದು ಕಡ್ಡಿ ಮುರಿದು ಗಾಲಿಯ ತೂತಿಗೆ ಇಳಿಸಿ ಅಳೆದರು. ಅದೇ ಕಡ್ಡಿಯನ್ನು ಬೋಲ್ಟಿನ ಪಕ್ಕ ಹಿಡಿದರು. "ನೋಡಿ ಸಾ, ಗಾಲಿ ದಪ್ಪ, ಬೋಲ್ಟು ಗಿಡ್ಡ. ಇಡ್ಕಳಕ್ಕೆ ಜಾಗನೇ ಇಲ್ಲ. ಯಾರು ಹಾಕಿದ್ದು?"

ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ನಾನು "ನಾನು" ಎಂದೆ. ನಾಲ್ಕು ಸುತ್ತಿನ ಕಥೆಯೆಲ್ಲ ಹೇಳಿದೆ. ಹೇಳುತ್ತ ಅಳು ಬಂತು. ಚಿಕ್ಕಪ್ಪ ಬೈಯುತ್ತಾರೆ ಎಂದು ಕಾದೆ. ಅವರು ನನ್ನ ಪಕ್ಕ ಬಂದು ಕೂತರು. "ಬಿಗಿ ಮಾಡಿದವನು ನಾನು. ನಿನ್ನ ಬಾಯಿಂದ ಕೇಳೋ ಬದಲು ನಾನೇ ಒಂದು ನಟ್ಟು ತಿರುಗಿಸಿ ನೋಡ್ಬೇಕಿತ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಪದ್ದು, ಇನ್ನು ಮೇಲೆ ಆಸೆಪಟ್ಟಿದ್ದು ಕೈತಪ್ಪತ್ತೆ ಅಂತ ಯಾವುದನ್ನೂ ಮುಚ್ಚಿಡಬೇಡ ಕಣೇ. ನನಗೆ ಇರೋದು ನೀನೊಬ್ಬಳೇ ಜೊತೆಗಾರ್ತಿ" ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು.

ಸ್ಟೆಪ್ನಿ ಹಾಕಿ, ಉಳಿದ ಗಾಲಿಗಳ ನಟ್ಟುಗಳನ್ನು ಬಿಗಿ ಮಾಡಿ, ನಡೆದು ಹೋಗುವವರಷ್ಟೇ ನಿಧಾನವಾಗಿ ಆಚಾರಿಯವರ ಮನೆಯ ಮುಂದಕ್ಕೆ ಕಾರು ತಂದೆವು. ಉಳಿದ ಹಳೆಯ ಗಾಲಿಗಳನ್ನು ತರಲು ಚಿಕ್ಕಪ್ಪ ಬಸ್ಸು ಹತ್ತಿ ನಂಜನಗೂಡಿಗೆ ಹೋದರು. ನಾನು ಅಲ್ಲೇ ಉಳಿದೆ. ಆಚಾರಿಯವರ ಹೆಂಡತಿ ಕೆಂಪಮ್ಮ ಒಂದು ಚೊಂಬು ಮಜ್ಜಿಗೆ ಕೊಟ್ಟು, "ಕುಡಿಯವ್ವ, ಮೊಖ ಎಂಗಾಗದೆ ನೋಡು" ಎಂದರು.

ಆಚಾರಿ ಮತ್ತೆ ಬೆಂಕಿಯ ಮುಂದೆ ಕೂತಿದ್ದರು. ನಾನು ಸುಮ್ಮನಿರಲಾರದೆ, "ಅಷ್ಟು ದೂರ ಯಾಕೆ ಓಡಿ ಬಂದ್ರಿ? ನಾವು ನಿಲ್ಲಿಸಲೇ ಇಲ್ಲ" ಎಂದೆ.

ಅವರು ಇಕ್ಕಳದಿಂದ ಪಟ್ಟಿಯನ್ನು ಹೊರಳಿಸಿದರು. "ನಾನೂ ಒಂದ್ಸಲ ಸುಮ್ಕಿದ್ದೆ ಕಣವ್ವ" ಎಂದರು. "ವಯಸ್ನಲ್ಲಿ. ಒಂದು ಚಕ್ರದ ಅರದಲ್ಲಿ ಸಣ್ಣ ಬಿರುಕಿತ್ತು. ಗೌಡ್ರು ಮದ್ವೆ ಗಾಡಿ ಕಟ್ಕಂಡು ಅರ್ಜೆಂಟು ಅರ್ಜೆಂಟು ಅಂತ ನಿಂತಿದ್ರು. ಓಗ್ಲಿ, ಒಂದಿನ ತಡೀತದೆ ಅಂದ್ಕಂಡೆ. ಅರ್ಧ ದಾರೀಲಿ ಗಾಡಿ ಮಗುಚ್ಕತು. ಜನಕ್ಕೇನೂ ಆಗ್ನಿಲ್ಲ. ಒಂದು ಎತ್ತು ಕಾಲು ಮುರ್ಕತು. ಸುದ್ದಿ ಕೇಳಿ ಓಡೋದ್ರೆ, ಆ ಎತ್ತು ನನ್ನ ನೋಡ್ತಲ್ಲ... ಅವತ್ತಿಂದ ಗಾಲಿ ಕೆಟ್ಟು ಸದ್ದು ಮಾಡುದ್ರೆ ಸಾಕು, ಯಾರ್ದಾರಾಗ್ಲಿ, ನನ್ ಕಾಲು ನಿಲ್ಲಕಿಲ್ಲ."

ಮಧ್ಯಾಹ್ನ ಎರಡರ ಬಸ್ಸಿನ ಮೇಲೆ ಮೂರು ಗಾಲಿಗಳು ಬಂದವು. ದಾರಿಯಲ್ಲಿ ಕಳೆದುಹೋಗಿದ್ದ ನಟ್ಟಿನ ಬದಲು ಮನೆಯಲ್ಲಿದ್ದ ಇನ್ನೊಂದೂ ಬಂತು. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ, ಬಸ್ಸಿನ ಏಣಿ ಹತ್ತಿ ತಾವೇ ಒಂದೊಂದಾಗಿ ಇಳಿಸಿದರು. ಬಸ್ಸಿನ ಜನವೆಲ್ಲ ಕಿಟಕಿಯಲ್ಲಿ ತಲೆ ಹಾಕಿ ಸಂಸ್ಕೃತ ಮೇಷ್ಟ್ರ ಈ ಅವತಾರ ನೋಡುತ್ತಿದ್ದರು. ಈ ಸಲ ನಾನು ನಟ್ಟು ತಿರುಗಿಸುತ್ತ ಗಟ್ಟಿಯಾಗಿ ಎಣಿಸಿದೆ. ಹತ್ತು, ಹನ್ನೊಂದು. ಆಚಾರಿ ಪಕ್ಕದಲ್ಲೇ ನಿಂತು ಪ್ರತಿಯೊಂದಕ್ಕೂ ತಲೆಯಾಡಿಸಿದರು. ಮಳೆಯಲ್ಲಿ ಓಡಿಸುವ ಪಂದ್ಯ ಎಂದು ಕೇಳಿದ ಮೇಲೆ, "ಮೇಲೆ ಕೆಸ್ರು, ಕೆಳಗೆ ಗಟ್ಟಿ ನೆಲ ಇದ್ರೆ ಸಣ್ಣ ಗಾಲಿನೇ ಸೈ ಮೇಷ್ಟ್ರೇ. ಕುಯ್ಕಂಡು ಓಯ್ತದೆ. ಅಗಲದ್ದು ಮೇಲೇ ಜಾರಾಡ್ತದೆ" ಎಂದರು.

ಏನು ಕೊಡಬೇಕು ಎಂದು ಚಿಕ್ಕಪ್ಪ ಕೇಳಿದಾಗ ಆಚಾರಿ ನಾಚಿಕೊಂಡರು. "ದುಡ್ಡೇನೂ ಬ್ಯಾಡಿ. ಅರುವತ್ತು ವರ್ಷದಿಂದ ಗಾಲಿ ಮಾಡ್ತಾವ್ನಿ, ಒಂದಿನಾನೂ ಕಾರಲ್ಲಿ ಕೂತಿಲ್ಲ. ನಿಮ್ ಪಂದ್ಯ ಮುಗೀಲಿ. ಆಮ್ಯಾಕೆ ಒಂದ್ಸಲ ಕೂರ್ಸ್ಕಂಡು ಜೋರಾಗಿ ಓಡ್ಸಿ."

ಆ ರಾತ್ರಿ ಊಟದ ಹೊತ್ತಿನಲ್ಲಿ ನಾನೇ ತಂದೆಯವರಿಗೆ ಎಲ್ಲವನ್ನೂ ಹೇಳಿದೆ. ಚಿಕ್ಕಪ್ಪ ತಲೆ ತಗ್ಗಿಸಿ ಕೂತಿದ್ದರು. ರ‍್ಯಾಲಿಯ ಆಸೆ ಇಲ್ಲಿಗೆ ಮುಗಿಯಿತು ಎಂದು ನಾವಿಬ್ಬರೂ ತೀರ್ಮಾನಿಸಿಕೊಂಡಿದ್ದೆವು. ತಂದೆ ಕೈ ತೊಳೆದು ಬಂದು ಕೇಳಿದರು.

"ಯಾವ ಗಾಲಿ ಹಾಕ್ಕೊಂಡು ಹೋಗ್ತೀರಿ?"

"ಹಳೇದು ಅಣ್ಣ" ಎಂದರು ಚಿಕ್ಕಪ್ಪ.

"ನಟ್ಟು ಯಾರು ಎಣಿಸ್ತಾರೆ?"

"ನಾನು" ಎಂದೆ.

"ಹಾಗಿದ್ರೆ ಹೋಗಿ ಬನ್ನಿ" ಎಂದು ಎಲೆ ಅಡಿಕೆ ತಟ್ಟೆ ಎಳೆದುಕೊಂಡರು.

ಉದ್ದನೆಯ ಬೋಲ್ಟುಗಳನ್ನು ಹಾಕಿಸಿದ್ದರೆ ಆ ಹೊಳೆಯುವ ಗಾಲಿಗಳನ್ನೂ ಹಾಕಬಹುದಿತ್ತು ಎಂದು ಆಮೇಲೆ ತಿಳಿಯಿತು. ನನಗೆ ಬೇಕೆನಿಸಲಿಲ್ಲ. ಹಳೆಯ ರಿಮ್ಮಿಗೆ ಆಳವಾದ ಹಲ್ಲಿನ ಕಿರಿದಾದ ಟಯರು ಹಾಕಿಸಿ ರ‍್ಯಾಲಿಗೆ ಹೋದೆವು. ಬಹುಮಾನ ಬರಲಿಲ್ಲ. ಆದರೆ ಕೆಸರಿನಲ್ಲಿ ನಮಗಿಂತ ದೊಡ್ಡ ಕಾರುಗಳು ಹೂತು ನಿಂತಿದ್ದ ಕಡೆ ನಮ್ಮ ಹೆರಾಲ್ಡ್ ತಳ್ಳಾಡಿಕೊಂಡು ದಾಟಿ, ಕಡೆಯವರೆಗೂ ಹೋಗಿ ಮುಟ್ಟಿತು. ಅಷ್ಟಕ್ಕೇ ಚಿಕ್ಕಪ್ಪ ಮನೆಗೆ ಬರುವ ದಾರಿಯುದ್ದಕ್ಕೂ ಶ್ಲೋಕ ಗುನುಗುತ್ತಿದ್ದರು.

ಮುಂದಿನ ಭಾನುವಾರ ಹೇಳಿದ ಮಾತಿನಂತೆ ಆಚಾರಿಯವರ ಮನೆಗೆ ಹೋದೆವು. ರ‍್ಯಾಲಿಗೆಂದು ಹಾಕಿಕೊಂಡಿದ್ದ ಹೆಚ್ಚಿನ ಗಾಲಿ, ಹಗ್ಗ, ಜಾಕು ಇನ್ನೂ ಹಿಂದಿನ ಸೀಟಿನಲ್ಲೇ ಇದ್ದು ಅಲ್ಲಿ ಒಬ್ಬರಿಗಷ್ಟೇ ಜಾಗ. ನಾನು ಅಲ್ಲಿ ಮುದುರಿ ಕೂತೆ, ಆಚಾರಿ ಮುಂದೆ ಕೂತರು. ತಲೆಗೆ ಕಟ್ಟಿದ್ದ ವಸ್ತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇನ್ನೂ ಓಡ್ಸಿ ಸಾ, ಇನ್ನೂ!" ಎಂದು ಕೂಗುತ್ತಿದ್ದರು. ವಾಪಸು ಬಂದು ಇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಗು.

ಬಾಗಿಲಲ್ಲಿ ನಿಂತಿದ್ದ ಕೆಂಪಮ್ಮ, "ಎಂಗಿತ್ತು?" ಎಂದರು.

"ನಾನೇನು ಯೋಳದು, ನೀನೂ ಕಾರು ಅತ್ತು ಬಾ!" ಎಂದರು ಆಚಾರಿ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹಿಂದೆ ಮುಂದೆ ನೋಡಿದರು. ನಾನು ಇಳಿದು ಜಾಗ ಬಿಟ್ಟುಕೊಟ್ಟೆ. ಗಂಡ ಹಿಂದೆ ಮುದುರಿ ಕೂತರು, ಹೆಂಡತಿ ಮುಂದೆ.

ಜೋರಾಗಿ ಓಡುವಾಗ ಆ ಕಾರನ್ನು ನಾನು ಹೊರಗೆ ನಿಂತು ನೋಡಿದ್ದು ಅದೇ ಮೊದಲು. ಒಳಗೆ ಕೂತಾಗ ಎಷ್ಟು ಗಟ್ಟಿ, ಎಷ್ಟು ದೊಡ್ಡದು ಅನ್ನಿಸುತ್ತಿದ್ದ ಕಾರು ದೂರ ಹೋಗುತ್ತ ಹೋಗುತ್ತ ಬೆಂಕಿಪೊಟ್ಟಣದಷ್ಟಾಯಿತು. ಅದರೊಳಗೆ ಮೂರು ಜೀವ. ನಟ್ಟುಗಳನ್ನು ಅಂದು ಬೆಳಿಗ್ಗೆ ನಾನೇ ಎಣಿಸಿದ್ದೆ, ಒಂದೂ ತಪ್ಪಿರಲಿಲ್ಲ. ಆದರೂ ಕೈಪಂಪಿನ ತಿರುವಿನಲ್ಲಿ ಅದು ಮರೆಯಾದಾಗ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ರಸ್ತೆಯ ಮಧ್ಯಕ್ಕೆ ಬಂದು, ಕಿವಿಯೆಲ್ಲ ಆ ಕಡೆಗಿಟ್ಟು, ಅವರು ತಿರುಗಿ ಬರುವವರೆಗೂ ಅಲ್ಲಾಡದೆ ನಿಂತಿದ್ದೆ. ಮನೆಯಿಂದ ಯಾರು ಗಾಡಿ ಹತ್ತಿ ಹೊರಟರೂ ನನಗೆ ಇವತ್ತಿಗೂ ಹಾಗೇ ಆಗುತ್ತದೆ. ಅವರು ನಕ್ಕು ಕೈ ಬೀಸಿ ಹೋಗುತ್ತಾರೆ. ನಾನು ಗೇಟು ಹಿಡಿದು, ಗಾಲಿಗಳ ಸದ್ದು ಅಡಗುವವರೆಗೂ ಕೇಳಿಸಿಕೊಳ್ಳುತ್ತ ನಿಂತಿರುತ್ತೇನೆ.